ನಲವತ್ತೊಂದು ತಟ್ಟೆ

“ಮಾಂಸ ಬೇಯಿಸಿದ ವಾರ ಗಡೀಪಾರು ಜಾಸ್ತಿ ಆಗುತ್ತಲ್ಲ ಅಜ್ಜೀ, ಇದೇನು ಸೋಜಿಗ?”

ಗಡಿ ಗೇಟಿನ ಹಿಂದಿನ ಅಡುಗೆಮನೆಯಲ್ಲಿ, ಮಸಿಗಟ್ಟಿದ ಗೋಡೆಗೆ ಎದುರಾಗಿ ನಿಂತು ಬಕಾನಿ ಕೇಳಿದಳು. ಅವಳ ಎಡಗೈಯಲ್ಲಿ ವಲಸೆ ಕಚೇರಿಯ ದಪ್ಪ ಪುಸ್ತಕ, ಬಲಗೈಯಲ್ಲಿ ಪೆನ್ಸಿಲು. ಗೋಡೆಯ ತುಂಬ, ಗಡೀಪಾರಾಗುವವರಿಗೆ ಪ್ರತಿ ಮಂಗಳವಾರ ಅಡುಗೆ ಮಾಡಿ ಬಡಿಸುವ ಎಸ್ತೆರ್ ಅಜ್ಜಿ ಸೀಮೆಸುಣ್ಣದಲ್ಲಿ ಬರೆದ ಗುರುತುಗಳು. ಜೋಳದ ಮುದ್ದೆ, ಹುರುಳಿಕಾಯಿ ಬೇಯಿಸಿದ ಮಂಗಳವಾರಕ್ಕೆ ಒಂದು ಸೊನ್ನೆ. ಉಪ್ಪುನೀರಲ್ಲಿ ಬೇಯಿಸಿ ಕುಟ್ಟಿದ ಮಾಂಸ, ಅಂದರೆ ಸೆಸ್ವಾ, ಇದ್ದ ಮಂಗಳವಾರಕ್ಕೆ ಕೊಂಬಿನ ದನದ ತಲೆ.

“ಏನಂದಿ?” ಅಜ್ಜಿ ಪಾತ್ರೆ ತಿಕ್ಕುವುದನ್ನು ನಿಲ್ಲಿಸಲಿಲ್ಲ.

“ನೋಡಿ, ವಲಸಿಗರನ್ನ ಹಿಡಿದಿಡೋ ಶಿಬಿರದಿಂದ ಲಾರಿ ಹತ್ತಿದವರ ಹೆಸರಿನ ಪಟ್ಟಿ ಒಂದು. ಈ ಗೇಟು ದಾಟಿ ಆಚೆ ಹೋದವರ ಲೆಕ್ಕ ಇನ್ನೊಂದು. ನೀವು ಸೊನ್ನೆ ಬರೆದ ವಾರಗಳಲ್ಲಿ ಎರಡೂ ಸಮ. ಹೋದ ವಾರದವರೆಗೆ ದನದ ತಲೆ ಬರೆದ ಒಂಬತ್ತು ವಾರಗಳಲ್ಲಿ, ಲಾರಿ ಹತ್ತಿದವರಿಗಿಂತ ಇಳಿದು ದಾಟಿದವರು ಇಬ್ಬರು ಹೆಚ್ಚು. ಒಂಬತ್ತು ವಾರಾನೂ ಇಬ್ಬರೇ. ನಡುದಾರಿಯಲ್ಲಿ ಲಾರಿಯೊಳಗೆ ಹುಟ್ಟಿದರಾ?”

ಎಸ್ತೆರ್ ಅಜ್ಜಿ ಬಾಯ್ತುಂಬ ನಕ್ಕಳು. ಅವಳ ಬಾಯಲ್ಲಿ ಉಳಿದಿದ್ದ ನಾಲ್ಕು ಹಲ್ಲೂ ಆ ನಗುವಿಗೆ ಸಾಕಾಗಿದ್ದವು.

ನಗುವ ಹೊತ್ತು ಅದಲ್ಲ. ಆದರೂ ಬಕಾನಿಗೆ ನಗು ಬಂತು. ಮೂರು ದಿನದಿಂದ ಕತ್ತಲಲ್ಲಿ ತಡಕುತ್ತಿದ್ದವಳ ಕೈಗೆ ಮೊದಲ ಬಾರಿ ಬಾಗಿಲ ಚಿಲಕ ಸಿಕ್ಕಿದಂತಿತ್ತು.

ಬಕಾನಿಯ ಮಗಳು ಚೇಜಾಳ ಸೋದರಮಾವ ಜಿಬಾನಿ, ಅವಳ ಮದುವೆಗೆಂದು ಗಡಿಯಾಚೆಯ ಜಿಂಬಾಬ್ವೆಯಿಂದ ಬಂದವನು, ಸೋಮವಾರ ಬಸ್‌ಸ್ಟ್ಯಾಂಡಿನಲ್ಲಿ ಕಾಗದಪತ್ರವಿಲ್ಲದೆ ಸಿಕ್ಕಿಬಿದ್ದಿದ್ದ. ಮಂಗಳವಾರದ ಲಾರಿಯಲ್ಲಿ ಅವನ ಹೆಸರಿತ್ತು. ಗೇಟಿನ ಪುಸ್ತಕದಲ್ಲಿ ‘ನಲವತ್ತೊಂದು ಮಂದಿ ಗಡಿ ದಾಟಿದರು’ ಎಂದಿತ್ತು. ಆದರೆ ಆಚೆಯಿಂದ ಅವನ ಹೆಂಡತಿ ಫೋನಿನಲ್ಲಿ, “ನನ್ನ ಗಂಡ ಬಂದಿಲ್ಲ ಕಣಕ್ಕ, ದೇವರಾಣೆ ಬಂದಿಲ್ಲ” ಎಂದು ಅಳುತ್ತಿದ್ದಳು. ಈಚೆಯೂ ಇಲ್ಲ, ಆಚೆಯೂ ಇಲ್ಲ.

ಕಾಗದಪತ್ರ ನಿಜಕ್ಕೂ ಇತ್ತು. ಮದುವೆಗೆ ಹಾಕಿಕೊಳ್ಳಬೇಕಾದ ಕೋಟಿನ ತೋಳು ಉದ್ದವಾಯಿತೆಂದು ಜಿಬಾನಿ ಅದನ್ನು ದರ್ಜಿಗೆ ಕೊಟ್ಟಿದ್ದ, ಒಳಜೇಬಿನ ಪಾಸ್‌ಪೋರ್ಟಿನ ಸಮೇತ. ಬುಧವಾರ ಸಂಜೆ ಬಕಾನಿ ಅದನ್ನು ಬಿಡಿಸಿಕೊಂಡು ಬಂದಿದ್ದಳು. ತಿಂಗಳ ಕೊನೆಯವರೆಗೂ ಇರಬಹುದೆಂಬ ಮುದ್ರೆ ಅದರಲ್ಲಿ ಚೆನ್ನಾಗಿ ಮೂಡಿತ್ತು.

“ಅಜ್ಜೀ, ಸೆಸ್ವಾ ದಿನ ಹೆಚ್ಚಿಗೆ ಯಾರು ಉಣ್ಣುತ್ತಾರೆ?”

“ಇನ್ಯಾರು? ಲಾರಿ ಡ್ರೈವರು, ಅವನ ಜೊತೆ ಕಾವಲಿನವನು. ಮುದ್ದೆ, ಹುರುಳಿಕಾಯಿ ಅಂದ್ರೆ ಇಬ್ಬರಿಗೂ ಹಸಿವೇ ಇರಲ್ಲ. ಸೆಸ್ವಾ ವಾಸನೆ ಬಂದ್ರೆ ನಾನು ಕರೆಯೋಕೆ ಮುಂಚೆ ತಟ್ಟೆ ಹಿಡ್ಕೊಂಡು ಕೂತಿರ್ತಾರೆ.”

“ತಟ್ಟೆ…” ಬಕಾನಿ ಪೆನ್ಸಿಲನ್ನು ತುಟಿಗೆ ಒತ್ತಿಕೊಂಡಳು. “ಉಂಡಾದ ಮೇಲೆ ತಟ್ಟೆ ಏನು ಮಾಡ್ತೀರಿ?”

“ತೊಳೆದು ಆ ಕಟ್ಟೆ ಮೇಲೆ ಬೋರಲು ಹಾಕ್ತೀನಿ. ಸಾರ್ಜೆಂಟ್ ಸೆಬೀನಾ ಬಂದು ಎಣಿಸ್ಕೊಂಡು ಹೋಗ್ತಾರೆ.”

“ತಟ್ಟೆ ಎಣಿಸ್ತಾರಾ?”

“ಹೂಂ. ಒಂದೊಂದನ್ನೂ ಮುಟ್ಟಿ. ಕಳುವಾಗುತ್ತೆ ಅಂತಿರಬೇಕು. ತಗಡಿನ ತಟ್ಟೆ ಯಾರು ಕದೀತಾರೋ, ನಾನಂತೂ ಕೇಳಕ್ಕೆ ಹೋಗಿಲ್ಲ.”

ಬಕಾನಿ ಕಟ್ಟೆಯ ಮೇಲಿನ ತಟ್ಟೆಗಳನ್ನೇ ನೋಡುತ್ತ ನಿಂತಳು. ಅವಳಿಗೆ ತನ್ನ ಅಜ್ಜಿ ನೆನಪಾದಳು. ಆರು ವರ್ಷದವಳಿದ್ದಾಗ, ಒಲೆಯ ಸುತ್ತ ಕೂತಿದ್ದ ಮಕ್ಕಳನ್ನು ಬೆರಳು ತೋರಿಸಿ ಒಂದು, ಎರಡು, ಮೂರು ಎಂದು ಎಣಿಸಿದ್ದಕ್ಕೆ ಅಜ್ಜಿ ಅವಳ ಬೆರಳನ್ನು ಮಡಿಸಿ ಹಿಡಿದಿದ್ದಳು. ದೇವರು ಕೊಟ್ಟಿದ್ದನ್ನು ಬೆರಳಿಟ್ಟು ಎಣಿಸಿದರೆ ಕೊಟ್ಟವನಿಗೆ ನಂಬಿಕೆಯಿಲ್ಲವೆಂದು ತೋರಿಸಿದ ಹಾಗೆ. ಮನುಷ್ಯರನ್ನೂ ಎಣಿಸಬಾರದು, ದನವನ್ನೂ ಎಣಿಸಬಾರದು. ಮುಂದೆ ಅದೇ ಬಕಾನಿ ಸರಕಾರದ ಅಂಕಿಅಂಶ ಕಚೇರಿ ಸೇರಿ, ಜನಗಣತಿಗೆ ಮನೆಮನೆ ತಿರುಗಿದಳು. ‘ಮಕ್ಕಳೆಷ್ಟು?’ ಎಂದರೆ ಯಾವ ತಾಯಿಯೂ ಹೇಳುತ್ತಿರಲಿಲ್ಲ. ‘ಮಕ್ಕಳ ಹೆಸರೇನು?’ ಎಂದರೆ ಹಿಗ್ಗಿ ಹಿಗ್ಗಿ ಹೇಳುತ್ತಿದ್ದರು.

ಸಾರ್ಜೆಂಟ್ ಸೆಬೀನಾ ಮನುಷ್ಯರನ್ನು ಎಣಿಸುತ್ತಿರಲಿಲ್ಲ. ಅವರು ಉಂಡ ತಟ್ಟೆಗಳನ್ನು ಎಣಿಸುತ್ತಿದ್ದರು. ಆರು ತಿಂಗಳ ಗಡೀಪಾರಿನ ಅಂಕಿಅಂಶವೆಲ್ಲ ತೊಳೆದ ತಟ್ಟೆಗಳ ಲೆಕ್ಕ!

ಅವಳು ಮತ್ತೆ ಗೋಡೆ ನೋಡಿದಳು. ಕೊನೆಯ ಗುರುತು, ಮೊನ್ನೆಯ ಮಂಗಳವಾರದ್ದು. ದನದ ತಲೆ.

ಪುಸ್ತಕ ನೋಡಿದಳು. ಪಟ್ಟಿಯಲ್ಲಿ ನಲವತ್ತೊಂದು. ದಾಟಿದವರು ನಲವತ್ತೊಂದು.

ಸೆಸ್ವಾ ದಿನ. ಆದರೂ ಇಬ್ಬರು ಹೆಚ್ಚಿಲ್ಲ.

“ಮೊನ್ನೆ ಡ್ರೈವರು, ಕಾವಲಿನವನು ಉಂಡ್ರಾ ಅಜ್ಜೀ?”

“ಉಂಡ್ರಾ ಅಂತೀಯಲ್ಲ! ಡ್ರೈವರು ತಟ್ಟೆ ನೆಕ್ಕಿದ.”

ಬಕಾನಿ ಪುಸ್ತಕದ ಅಂಚಿನಲ್ಲಿ ನಲವತ್ತೊಂದರಿಂದ ಎರಡು ಕಳೆದು ಮೂವತ್ತೊಂಬತ್ತೆಂದು ಬರೆದಳು.

*

“ಅಮ್ಮಾ, ಕಚೇರಿಯಿಂದ ಮತ್ತೆ ಫೋನು.”

ಬಾಗಿಲಲ್ಲಿ ಚೇಜಾ ನಿಂತಿದ್ದಳು. ನಾಡಿದ್ದು ಮದುವಣಗಿತ್ತಿಯಾಗುವವಳು, ಇಂದು ಬಕಾನಿಯ ಜೊತೆ ಬಂದು ಗೇಟಿನ ಕಂಪ್ಯೂಟರಿನ ಮುಂದೆ ಕೂತಿದ್ದಳು. ಬಕಾನಿಯ ಅಂಕಿಅಂಶ ಕಚೇರಿಯಲ್ಲೇ ಅಂಕಿಗಳನ್ನು ತುಂಬುವ ಕೆಲಸ ಅವಳದು. ಆ ನಲವತ್ತೊಂದನ್ನು ಬುಧವಾರ ಬೆಳಿಗ್ಗೆ ಟೈಪು ಮಾಡಿದವಳೂ ಅವಳೇ. ಅದರಲ್ಲೊಂದು ತನ್ನ ಮಾವನೆಂದು ಆಗ ಗೊತ್ತಿರಲಿಲ್ಲ.

“ಏನಂತೆ?”

“ನಾಳೆ ಸಂಜೆ ಐದಕ್ಕೆ ಮೂರು ತಿಂಗಳ ಪಟ್ಟಿ ಮುಚ್ತಾರಂತೆ. ಆಮೇಲೆ ಒಂದಂಕಿನೂ ತಿದ್ದೋ ಹಾಗಿಲ್ಲ.”

ಅದರರ್ಥ ಇಬ್ಬರಿಗೂ ಗೊತ್ತಿತ್ತು. ಪಟ್ಟಿ ನಲವತ್ತೊಂದೆಂದೇ ಮುಚ್ಚಿದರೆ ಜಿಬಾನಿ ಗಡೀಪಾರಾದವನು. ಗಡೀಪಾರಾದವನು ಈಚೆ ಕಾಣಿಸಿಕೊಂಡರೆ ಕದ್ದು ಮರಳಿದವನು, ನೇರ ಸೆರೆಮನೆ. ಶನಿವಾರ ಹೊತ್ತು ಮೂಡುವಾಗ ಗಂಡಿನ ಕಡೆಯ ಹೆಂಗಸರು ಕಂಬಳಿ ಹೊದ್ದು ಅಂಗಳಕ್ಕೆ ಬಂದು, ‘ನೀರು ಮೊಗೆಯುವ ಸೋರೆಬುರುಡೆ ಕೇಳಲು ಬಂದಿದ್ದೇವೆ’ ಅನ್ನುತ್ತಾರೆ, ಹೆಣ್ಣು ಕೇಳುವ ಮಾತು ಅದು. ಹುಡುಗಿಯ ಸೋದರಮಾವ ಎದ್ದು, ‘ಇದೆ, ಕೊಡುತ್ತೇವೆ’ ಅನ್ನಬೇಕು. ಬೇರೆ ಯಾರೂ ಅನ್ನುವಂತಿಲ್ಲ. ಅವನಿಲ್ಲದಿದ್ದರೆ ಬಂದವರು ಬರಿಗೈಲಿ ತಿರುಗಬೇಕು. ಅವನಿದ್ದರೆ, ಗಂಡಿನ ಕಡೆಯ ಹಿರಿಯನಾಗಿ ಎದುರು ಕೂರುವವನು ವರನ ದೊಡ್ಡಪ್ಪ. ಈ ವಲಸೆ ಕಚೇರಿಯ ಮುಖ್ಯಸ್ಥ.

“ಮಗಳೇ, ನೀನು ಒಳಗೆ ಕೂತು ಕಂಪ್ಯೂಟರಲ್ಲಿ ಆ ನಲವತ್ತೊಂದರ ಸಾಲನ್ನ ತೆರೆದಿಡು. ಚಹಾನೂ ಇಡು, ಸಾರ್ಜೆಂಟರಿಗೆ ನಾಲ್ಕು ಚಮಚ ಸಕ್ಕರೆ.”

“ಸಾಲು ಯಾಕೆ? ಮಾವ ಸಿಕ್ಕಿದನಾ?” ಚೇಜಾಳ ಕಣ್ಣು ಅರಳಿತು.

“ಮಾವ ಇನ್ನೂ ಸಿಕ್ಕಿಲ್ಲ. ಲೆಕ್ಕ ಸಿಕ್ಕಿದೆ.”

ಚೇಜಾ ಹೋದಳು, ಯಾವುದೋ ಮದುವೆ ಹಾಡಿನ ಒಂದೇ ಸಾಲನ್ನು ಗುನುಗುತ್ತ. ಬಕಾನಿ ಹೆಗಲ ಮೇಲಿನ ಹೊಸ ಚೌಕಳಿ ಶಾಲಿನ ಪಿನ್ನನ್ನು ಸರಿಮಾಡಿಕೊಂಡಳು. ಶನಿವಾರ ಹೆಣ್ಣಿನ ತಾಯಿಯ ಚಾಪೆಯ ಮೇಲೆ ಕೂರುವವಳು ಹೊದೆಯುವ ಶಾಲು ಅದು. ಅಭ್ಯಾಸವಾಗಲಿ ಎಂದು ಎರಡು ದಿನ ಮುಂಚೆಯೇ ಹೊದ್ದಿದ್ದಳು.

ಚೇಜಾಳನ್ನು ಅವಳು ಹೆತ್ತಿರಲಿಲ್ಲ. ಹೆತ್ತವಳು ನೊಮಾಲಿ, ಪಕ್ಕದ ಮನೆಯವಳು, ಜಿಬಾನಿಗಿದ್ದ ಒಬ್ಬಳೇ ಅಕ್ಕ. ಇಪ್ಪತ್ತು ವರ್ಷದ ಹಿಂದೆ ತನ್ನ ತಾಯಿಯನ್ನು ಮಣ್ಣು ಮಾಡಲು ಗಡಿಯಾಚೆ ಹೊರಟಾಗ, ನಾಲ್ಕು ವರ್ಷದ ಮಗುವನ್ನು ಬಕಾನಿಯ ಮಡಿಲಿಗೆ ಹಾಕಿ, ‘ಎಂಟು ದಿನ, ಬಂದುಬಿಡ್ತೀನಿ’ ಅಂದಿದ್ದಳು. ಅದೇ ವಾರ ತುಂಬಿದ ಹೊಳೆಗೆ ಒಂದು ಬಸ್ಸು ಉರುಳಿತು. ಸಿಕ್ಕವರು ಸಿಕ್ಕರು, ಉಳಿದವರನ್ನು ನೀರು ಕೊಡಲಿಲ್ಲ. ಕೊನೆಗೆ ಚರ್ಚಿನ ಸಭೆಯವರೆಲ್ಲ ಸೇರಿ ನೊಮಾಲಿಯ ಆತ್ಮಕ್ಕಾಗಿ ಪ್ರಾರ್ಥನೆ ಮಾಡಿ ಮುಗಿಸಿದ್ದರು.

*

ಸಾರ್ಜೆಂಟ್ ಸೆಬೀನಾ ಮೊರುಲಾ ಮರದಡಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮರದ ಕೆಳಗೆಲ್ಲ ಆಡು ತಿಂದು ಉಗುಳಿದ ಮೊರುಲಾ ಬೀಜಗಳು ಚೆಲ್ಲಾಡಿದ್ದವು. ಎತ್ತರದ ಆಳು, ತಿದ್ದಿದ ಮೀಸೆ, ಇಸ್ತ್ರಿ ಹಾಕಿದ ಸಮವಸ್ತ್ರ. ಕಾಲಲ್ಲಿ ಮಾತ್ರ ಹಟ್ಟಿಗೆ ಹೋಗುವ ಟೈರು ಚಪ್ಪಲಿ.

“ಬನ್ನಿ ಮ್ಮಾ ಬಕಾನಿ. ಮದುವೆ ಮನೆ ಬಿಟ್ಟು ಬಿಸಿಲಲ್ಲಿ ಓಡಾಡ್ತಿದ್ದೀರಿ.” ಆ ಸೀಮೆಯಲ್ಲಿ ಮರ್ಯಾದೆಗೆ ಹೆಂಗಸನ್ನು ‘ಮ್ಮಾ’ ಎಂದೂ ಗಂಡಸನ್ನು ‘ರ್ರಾ’ ಎಂದೂ ಕರೆಯುತ್ತಾರೆ.

“ಕಾಗದದ ಮನೆ ಕಟ್ಟೋವರೆಗೂ ಮದುವೆ ಮನೆ ನಿಲ್ಲಲ್ಲ ರ್ರಾ ಸೆಬೀನಾ. ಒಂದು ಮಾತು ಕೇಳ್ಲಾ? ನಿಮ್ಮ ಹಟ್ಟೀಲಿ ದನ ಎಷ್ಟಿದೆ?”

ಸಾರ್ಜೆಂಟರು ಮೀಸೆಯಡಿಯಲ್ಲೇ ನಕ್ಕರು. “ಇವೆ.”

“ಎಷ್ಟಿವೆ?”

“ಇವೆ ಅಂದ್ನಲ್ಲ. ಸರಕಾರದವರು ಲಸಿಕೆ ಹಾಕೋಕೆ ಬಂದಾಗಲೂ ಇದನ್ನೇ ಕೇಳ್ತಾರೆ, ಇದನ್ನೇ ಹೇಳ್ತೀನಿ.”

“ಸಂಜೆ ಬಂದಾಗ ಒಂದು ಕಡಿಮೆಯಾದ್ರೆ ಹೇಗೆ ಗೊತ್ತಾಗುತ್ತೆ?”

“ಅಯ್ಯೋ, ಅದೇನು ಕೇಳ್ತೀರಿ! ಮೊನ್ನೆ ಕರಿಮೂತಿಯ ಕಡಸು ಬಂದಿರಲಿಲ್ಲ. ಬಾಗಿಲಲ್ಲಿ ನಿಂತೇ ಹೇಳ್ದೆ.”

“ಎಣಿಸದೇ?”

“ಎಣಿಸೋದ್ಯಾಕೆ? ಅದು ನಿಲ್ಲೋ ಜಾಗ ಖಾಲಿ ಕಾಣ್ಸುತ್ತಲ್ಲ.”

ಬಕಾನಿ ಮರದ ಬೇರಿನ ಮೇಲೆ ಕೂತಳು. ದನಿ ತಗ್ಗಿಸಿ, ಹಾಡುವ ಹೆಂಗಸು ಶ್ರುತಿ ಹಿಡಿಯುವಂತೆ ನಿಧಾನವಾಗಿ ಹೇಳಿದಳು.

“ಹಾಗಾದ್ರೆ ಮಂಗಳವಾರ ನಿಮ್ಮ ಲಾರಿಯಲ್ಲಿ ಎರಡು ಜಾಗ ಖಾಲಿ ಕಾಣ್ಸಿರಬೇಕು.”

ಗೇಟಿನ ಕಂಬಿಯ ಮೇಲೆ ಪಾರಿವಾಳವೊಂದು ರೆಕ್ಕೆ ಬಡಿಯಿತು. ಸಾರ್ಜೆಂಟರು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

“ನನ್ನ ಲೆಕ್ಕ ನಲವತ್ತೊಂದಿದೆ ಮ್ಮಾ. ಪಟ್ಟಿನೂ ನಲವತ್ತೊಂದು.”

“ನಿಮ್ಮ ಲೆಕ್ಕ ತಟ್ಟೆಯದ್ದು. ನಲವತ್ತೊಂದು ತಟ್ಟೆಯಲ್ಲಿ ಎರಡು ನಿಮ್ಮ ಡ್ರೈವರು, ಕಾವಲಿನವನದ್ದು. ನೀವು ಶಿಬಿರದಲ್ಲಿ ಲಾರಿ ಹತ್ತಿಸುವಾಗ ನೋಡಿದವರು, ಮುಂದಿನ ಸೀಟಲ್ಲಿ ಕೂತು ಬಂದವರು, ಇಲ್ಲಿ ಇಳಿಸಿದವರು. ಒಂದು ಕಡಸು ಕಡಿಮೆಯಾದ್ರೆ ಬಾಗಿಲಲ್ಲೇ ಹೇಳೋರು ಇಬ್ಬರು ಮನುಷ್ಯರು ಕಡಿಮೆಯಾದ್ರೆ ಸುಮ್ನಿದ್ರಿ. ಯಾಕೆ?”

“ನಿಮ್ಮ ಕೆಲಸವೇ ಎಣಿಸೋದು,” ಅವರು ಸಿಡುಕಿದರು. “ನಿಮಗೆ ದೋಷ ತಟ್ಟಲ್ವಾ?”

“ತಟ್ಟುತ್ತೆ. ಅದಕ್ಕೇ ಭಾನುವಾರ ಎಲ್ಲರಿಗಿಂತ ಹೆಚ್ಚು ಹೊತ್ತು ಮೊಣಕಾಲೂರ್ತೀನಿ.”

ಅವರಿಗೆ ನಗು ತಡೆಯಲಾಗಲಿಲ್ಲ. ನಗು ಮುಗಿಯುವಷ್ಟರಲ್ಲಿ ಸಿಡುಕೂ ಮುಗಿದಿತ್ತು.

“ಸೇತುವೆ ಹತ್ರ ಇಳಿಸ್ದೆ,” ಅಂದರು ಕೊನೆಗೆ. “ಶಿಬಿರದಲ್ಲಿ ಹೆಸರೂ ಸರಿಯಾಗಿ ಹೇಳದಿದ್ದ ಒಬ್ಬ ಹೆಂಗಸಿಗೆ ಜ್ವರ ಏರಿತ್ತು, ಮೈ ಕೆಂಡ. ಆಚೆ ಬಿಟ್ಟಿದ್ರೆ ಆ ಬಿಸಿಲಲ್ಲಿ ಉಳೀತಿರಲಿಲ್ಲ. ಅಲ್ಲೇ ಪ್ರಾರ್ಥನೆ ಮನೆ ಇದೆಯಲ್ಲ, ಆ ತಾಯಂದಿರು ನೋಡ್ಕೋತಾರೆ ಅಂತ ಇಳಿಸ್ದೆ. ಜೊತೆಗೆ ಒಬ್ಬ ಗಂಡಸೂ ಇಳಿದ. ಹಲ್ಲು ಸಂದಿರೋನು, ನಕ್ಕರೆ ಮೇಕೆ ಗಂಟೆ ಅಲ್ಲಾಡಿಸಿದ ಹಾಗೆ.”

“ಜಿಬಾನಿ!” ಬಕಾನಿ ಎದೆಯ ಮೇಲೆ ಕೈಯಿಟ್ಟುಕೊಂಡಳು. “ಬದುಕಿದ್ದಾನೆ.”

“ಚೆನ್ನಾಗೇ ಇದ್ದಾನೆ. ಸೋದರಸೊಸೆಯ ಮದುವೆ ಅಂದ. ಶನಿವಾರ ಹಾಡು ಕೇಳೋವರೆಗೂ ಅಲ್ಲೇ ಬಿದ್ದಿರು, ಆಮೇಲೆ ಸೀದಾ ಅಂಗಳಕ್ಕೆ ಹೋಗು ಅಂತ ನಾನೇ ಹೇಳಿದ್ದೆ. ಇಲ್ಲಿಗೆ ಬರೋವಾಗ ಮಾತ್ರ ದಾರಿಯುದ್ದ ಒಂದೇ ಯೋಚನೆ. ಇಬ್ಬರು ಕಡಿಮೆ ಅಂತ ಏನು ಬರೀಲಿ? ಬಂದು ತಟ್ಟೆ ಮುಟ್ಟಿ ನೋಡ್ತೀನಿ, ನಲವತ್ತೊಂದು! ದೇವರೇ ಸರಿದೂಗಿಸಿಕೊಟ್ಟ ಅಂದ್ಕೊಂಡೆ.”

“ದೇವರಲ್ಲ ರ್ರಾ, ಎಸ್ತೆರ್ ಅಜ್ಜಿಯ ಸೆಸ್ವಾ. ಆರು ತಿಂಗಳಲ್ಲಿ ಇಲ್ಲದೇ ಇರೋ ಹದಿನೆಂಟು ಜನರನ್ನ ನಾವು ಗಡೀಪಾರು ಮಾಡಿದ್ದೀವಿ. ಮೇಲಿನವರಿಗೆ ಹೆಚ್ಚಾದ್ರೆ ಖುಷಿ, ಕಡಿಮೆಯಾದ್ರೆ ಮಾತ್ರ ಫೋನು. ಅದಕ್ಕೇ ಯಾರೂ ಕೇಳಲಿಲ್ಲ.”

ಅಡುಗೆಮನೆಯ ಕಿಟಕಿಯಲ್ಲಿ ಎಸ್ತೆರ್ ಅಜ್ಜಿಯ ತಲೆ ಕಾಣಿಸಿತು, ಮರೆಯಾಯಿತು.

“ಒಟ್ನಲ್ಲಿ ಒಳ್ಳೇದೇ ಆಯ್ತಲ್ಲ,” ಸಾರ್ಜೆಂಟರು ಟೋಪಿ ಹಾಕಿಕೊಂಡರು. “ಅವನನ್ನ ಬಿಡಿಸಿದ ಹಾಗಾಯ್ತು.”

“ಬಿಡಿಸಿಲ್ಲ ರ್ರಾ. ಕಾಗದದ ಮೇಲೆ ನೀವೇ ಅವನನ್ನ ಗಡಿ ದಾಟಿಸಿದ್ದೀರಿ. ಶನಿವಾರ ಅಂಗಳದಲ್ಲಿ ಎದ್ದು ‘ಕೊಡ್ತೀವಿ’ ಅಂದ ಕೂಡಲೇ ಎದುರಿಗೆ ಕೂತ ನಿಮ್ಮ ಮುಖ್ಯಸ್ಥರು ಪುಸ್ತಕ ನೋಡ್ತಾರೆ. ಗಡೀಪಾರಾಗಿ ಕದ್ದು ಬಂದವನು. ಹಾಡು ಮುಗಿಯೋ ಮೊದಲೇ ಕೈಗೆ ಕೋಳ.”

ಸೆಬೀನಾರ ಮುಖದ ಬಣ್ಣ ಇಳಿಯಿತು. ಮರದ ನೆರಳು ನೋಡಿದರು, ಗೇಟು ನೋಡಿದರು, ತಮ್ಮ ಕೈಗಳನ್ನು ನೋಡಿಕೊಂಡರು.

“ನಾನು ತಿದ್ದಿ ರುಜು ಹಾಕಿದ್ರೆ?”

“ಅವನು ಗಡಿ ದಾಟದವನು, ಪಾಸ್‌ಪೋರ್ಟು ಇರೋನು. ಅಷ್ಟೇ. ಆದ್ರೆ ನಿಮ್ಮನ್ನ ವಿಚಾರಣೆಗೆ ಕರೀತಾರೆ.”

“ಕರೀಲಿ.” ಸಾರ್ಜೆಂಟರು ಜೇಬಿನಿಂದ ಪೆನ್ನು ತೆಗೆದರು. “ಆದ್ರೆ ಮೂವತ್ತೊಂಬತ್ತು ಅಂತ ನಾನು ಹೇಗೆ ಬರೀಲಿ? ನಾನು ಎಣಿಸಿಲ್ಲ. ಎಣಿಸದ್ದನ್ನ ಬರೆದು ರುಜು ಹಾಕಿದ್ರೆ ಅದೂ ಸುಳ್ಳೇ ಆಗುತ್ತೆ ಮ್ಮಾ.”

ಬಕಾನಿ ನೆಲ ನೋಡಿದಳು. ಬಗ್ಗಿ, ಮೊರುಲಾ ಬೀಜಗಳನ್ನು ಹೆಕ್ಕಿ ನಲವತ್ತೊಂದು ತುಂಬಿಸಿ ಮಡಿಲಿಗೆ ಹಾಕಿಕೊಂಡಳು.

“ಎಣಿಸಬೇಡಿ. ಕಣ್ಣು ಮುಚ್ಚಿ, ಗೇಟು ದಾಟಿದವರನ್ನ ನೆನೆಸಿಕೊಳ್ಳಿ. ಒಬ್ಬೊಬ್ಬರನ್ನೇ ಹೇಳಿ. ಬೀಜ ಇಡೋದು ನನ್ನ ಕೆಲಸ.”

ಸಾರ್ಜೆಂಟರು ಕಣ್ಣು ಮುಚ್ಚಿದರು. ಪ್ರಾರ್ಥನೆಗೆ ಕೂತವರ ಮುಖ ಅವರದಾಯಿತು.

“ಕೆಂಪು ಕಂಬಳಿಯ ಮುದುಕಿ. ಮೊದಲು ಇಳಿದಳು, ನನ್ನ ತೋಳು ಹಿಡ್ಕೊಂಡು.”

ಬಕಾನಿ ಒಂದು ಬೀಜವನ್ನು ಮಣ್ಣಿನಲ್ಲಿಟ್ಟಳು.

“ಇಬ್ಬರು ಅಣ್ಣತಮ್ಮಂದಿರು, ಒಂದೇ ಜೊತೆ ಶೂ. ಅಣ್ಣನಿಗೆ ಎಡಗಾಲದು, ತಮ್ಮನಿಗೆ ಬಲಗಾಲದು. ಆಮೇಲೆ ಕ್ಷೌರದವನು, ಲಾರಿಯಲ್ಲೇ ಮೂವರ ತಲೆ ಬೋಳಿಸಿದ್ದ. ಆ ಮೂವರು. ಬಾಣಂತಿ. ಅವಳ ಬೆನ್ನಿನ ಕೂಸು, ಅಜ್ಜಿ ಅದಕ್ಕೂ ಒಂದು ತಟ್ಟೆ ಇಟ್ಟಿದ್ಳು…”

“ಕೂಸಿಗೂ ಬೀಜ ಉಂಟು.”

“ಇರಲಿ, ಚಿಕ್ಕದಿಡಿ.”

ಹೀಗೆ ಸಾಗಿತು. ಟೊಮೆಟೊ ಮಾರುವವಳು, ಕೆಮ್ಮುವ ಮೇಷ್ಟ್ರು, ಗೇಟಿನ ನಾಯಿಯ ತಲೆ ಸವರಿ ಹೋದ ಹುಡುಗಿ. ಒಬ್ಬರನ್ನೂ ಅವರು ಮರೆತಿರಲಿಲ್ಲ. ಸರಕಾರದ ಪುಸ್ತಕದಲ್ಲಿ ಒಂದೇ ಅಂಕಿಯಾಗಿ ಮುದುಡಿದ್ದವರು ಮೊರುಲಾ ನೆರಳಲ್ಲಿ ಒಬ್ಬೊಬ್ಬರಾಗಿ ಎದ್ದು ನಡೆದು ಬಂದರು. ಬಕಾನಿಯ ಬೆರಳು ಯಾರ ಕಡೆಗೂ ಚಾಚಲಿಲ್ಲ. ಮಣ್ಣಿನ ಮೇಲಿನ ಬೀಜದ ಸಾಲು ಮಾತ್ರ ಉದ್ದವಾಗುತ್ತ ಹೋಯಿತು. ಆಕಾಶದಲ್ಲಿ ಚುಕ್ಕಿ ಇಡುವವನೂ ಹೀಗೆ ಹೆಸರು ಕರೆದೇ ಇಡುತ್ತಾನೇನೋ ಅನ್ನಿಸಿತು ಅವಳಿಗೆ.

“ಕೊನೆಗೆ ಕುಂಟುವ ಗಾರೆ ಕೆಲಸದವನು. ದಾಟಿದ ಮೇಲೆ ತಿರುಗಿ ನನಗೆ ಕೈ ಬೀಸಿದ. ಅಷ್ಟೇ ಮ್ಮಾ.”

ಸಾಲಿನಲ್ಲಿ ಮೂವತ್ತೊಂಬತ್ತು ಬೀಜ. ಮಡಿಲಲ್ಲಿ ಉಳಿದದ್ದು ಎರಡು.

ಸಾರ್ಜೆಂಟ್ ಸೆಬೀನಾ ಪುಸ್ತಕ ತೆಗೆದುಕೊಂಡು, ನಲವತ್ತೊಂದರ ಮೇಲೆ ನೆಟ್ಟಗೆ ಗೆರೆ ಎಳೆದು, ಮೂವತ್ತೊಂಬತ್ತೆಂದು ಬರೆದು ರುಜು ಹಾಕಿದರು. ಅಡುಗೆಮನೆಯ ಕಿಟಕಿಯಿಂದ ಎಸ್ತೆರ್ ಅಜ್ಜಿ ನಾಲಿಗೆ ಆಡಿಸಿ ಹಾಕಿದ ಉಲುಲು ಕೂಗಿಗೆ ಗೇಟಿನಲ್ಲಿ ಸಾಲು ನಿಂತಿದ್ದ ಲಾರಿಯವರೆಲ್ಲ ಕತ್ತು ಹೊರಗೆ ಹಾಕಿ ನೋಡಿದರು. ಏನೆಂದು ತಿಳಿಯದೆಯೇ ಒಬ್ಬ ಹಾರ್ನು ಹೊಡೆದ. ಅವನ ಹಿಂದಿನವನೂ ಹೊಡೆದ.

“ಅಜ್ಜೀ, ಶನಿವಾರಕ್ಕೆ ಉಳಿಸಿಕೊಳ್ಳಿ!” ಬಕಾನಿ ನಗುತ್ತ ಕಣ್ಣೊರೆಸಿಕೊಂಡಳು. “ಕಾವಲಿನವನಿಗೂ ಹೇಳಿ, ಮದುವೆಲಿ ಎಷ್ಟು ತಟ್ಟೆಯಾದರೂ ಉಣ್ಣಲಿ, ಯಾರೂ ಲೆಕ್ಕ ಇಡಲ್ಲ.” ಆಮೇಲೆ ಸಾರ್ಜೆಂಟರತ್ತ ತಿರುಗಿದಳು. “ಒಂದು ಮಾತ್ರ ಅರ್ಥವಾಗಲಿಲ್ಲ ರ್ರಾ. ಜ್ವರ ಬಂದವಳು ಯಾರೋ. ಅವಳ ಜೊತೆ ಜಿಬಾನಿ ಯಾಕೆ ಇಳಿದ? ತಪ್ಪಿಸಿಕೊಳ್ಳೋಕಾ?”

“ಛೆ, ಛೆ. ಅವನು ಆಚೆ ಹೋಗಿ, ಪಾಸ್‌ಪೋರ್ಟು ತರಿಸ್ಕೊಂಡು ಮರುದಿನ ನೆಟ್ಟಗೆ ಬರೋಣ ಅಂತಲೇ ಇದ್ದ. ಅವಳು ಬಿದ್ದಾಗ ಮುಸುಕು ಜಾರಿತು, ಮುಖ ನೋಡಿದ. ನೋಡಿದವನು ಲಾರಿಯಲ್ಲೇ ಕುಸಿದು ಮಗುವಿನ ಹಾಗೆ ಅತ್ತುಬಿಟ್ಟ. ಅವಳ ಹಲ್ಲೂ ಹಾಗೇ ಸಂದು. ‘ಇವಳನ್ನ ಬಿಟ್ಟು ಹೋಗಲ್ಲ ಸಾರ್, ಇವಳು ನಮ್ಮಕ್ಕ’ ಅಂದ.”

“ಅಕ್ಕ ಅಂದ್ನಾ?”

“ಅಕ್ಕ ಅಂದ. ಯಾಕೆ ಮ್ಮಾ, ಮುಖ ಹಾಗ್ಯಾಕಾಯ್ತು?”

ಬಕಾನಿಯ ಕೈ ತಾನಾಗಿ ಶಾಲಿನ ಪಿನ್ನಿಗೆ ಹೋಗಿ ಅಲ್ಲೇ ನಿಂತಿತು.

ಚೇಜಾ ಚಹಾದ ತಟ್ಟೆ ಹಿಡಿದು ಓಡಿ ಬಂದಳು. ಲೋಟದ ಅರ್ಧ ಚಹಾ ತಟ್ಟೆಯಲ್ಲಿತ್ತು. “ಅಜ್ಜಿ ಕಿಟಕಿಯಿಂದ ಕೇಳಿ ಹೇಳಿದ್ಳು, ಬೀಜದ ಲೆಕ್ಕಾನೂ! ಮಾವ ಸೇತುವೆ ಹತ್ರ ಇದ್ದಾನಂತೆ! ಸಾಲು ತಿದ್ದಿಯೇ ಬಂದೆ ಅಮ್ಮಾ, ಮೂವತ್ತೊಂಬತ್ತು!”

ತಟ್ಟೆಯನ್ನು ಸಾರ್ಜೆಂಟರ ಕೈಗೆ ತುರುಕಿ ಅವಳು ಬಕಾನಿಯ ಎದುರು ಮಂಡಿಯೂರಿದಳು. ಮಡಿಲಿನ ಎರಡು ಬೀಜಗಳಲ್ಲಿ ಒಂದನ್ನು ಎತ್ತಿ ಮುತ್ತಿಟ್ಟಳು.

“ಇದು ನನ್ನ ಮಾವ.”

ಇನ್ನೊಂದನ್ನು ಅಂಗೈಯಲ್ಲಿಟ್ಟುಕೊಂಡು, ನಗುವ ಮುಖವನ್ನು ಮೇಲೆತ್ತಿದಳು.

“ಇದ್ಯಾರಮ್ಮಾ?”